ಸಂಸಾರದ ಕಾರು, ಹೆಣ್ಮಕ್ಕಳ ಗರಗಸ

ಅಕ್ಕಾರ, ವೈನಿಗಳ, ಮೌಶಿ, ಕಾಕು, ಮತ್ತ ಇಲ್ಲೆ ಆಕ್ಸ್‌ಫರ್ಡಿನಾಗ ನಮ್ಮ ಆಜೂಬಾಜೂ ಇರೋ ಕನ್ನಡದ ಗೆಳತ್ಯಾರ, ಈ ಸಲ ಉಪ್ಪಿನಕಾಯಿ, ಮೆಂತೆಹಿಟ್ಟು ಏನೂ ಇಲ್ಲ. ಈ ಸಲ ಜಗಳ. ಪೂರಾ ಓದ್ರಿ, ಆಮ್ಯಾಲೆ ಬೈರಿ.

ನನ್ನ ವಾದ ಇಷ್ಟ ಅದ. ಯುರೋಪಿನ ಹಳೇ ಸಂಸಾರದ ಕಾರುಗಳು ಇದ್ದಾವಲ್ಲ, ಮಾರಿಸ್ ಮೈನರ್, ರೆನೋ 4, ಫಿಯಟ್ 600, ಸಿತ್ರೋಯೆನ್ 2ಸಿವಿ, ಇವುಗಳ ಸಣ್ಣ ಮಾಡೆಲ್ ತಂದು, ಗರಗಸ ಹಚ್ಚಿ ಕೊಯ್ದು, ಕಂಪನಿಯವರು ಎಂದೂ ಮಾಡದ ಗಾಡಿ ಮಾಡೂ ಕೆಲಸಕ್ಕ ನಮ್ಮಂಥಾ ಹೆಣ್ಮಕ್ಕಳು ಇಳೀಬೇಕು. ಬೇಕಾದ್ರ ಮಾಡ್ರಿ ಅಂತ ಹೇಳ್ಲಿಕತ್ತಿಲ್ಲ, ಮಾಡಲೇಬೇಕು ಅಂತೀನಿ. ಯಾಕಂದ್ರ ಸಂಸಾರದ ಕಾರು ಅನ್ನೋದು ಸಂಸಾರದ ಸಾಮಾನು. ಒಲಿ, ಕಪಾಟು, ತೊಟ್ಟಿಲ ಹೆಂಗೋ ಹಂಗ. ಅದು ಹೆಂಗಿದ್ರ ಛಲೋ ಇರ್ತಿತ್ತು ಅಂತ ಹೇಳೋ ಹಕ್ಕು, ಅದರಾಗ ಕೂಸಿನ್ನ ತೊಡಿಮ್ಯಾಲೆ ಹಾಕ್ಕೊಂಡು, ಕಾಲಾಗ ಚೀಲ ಇಟಗೊಂಡು ಕೂತಾಕಿಗೆ ಎಲ್ಲಾರಕಿಂತ ಹೆಚ್ಚದ.

ಗೊತ್ತಿಲ್ಲದವರಿಗೆ ಎರಡು ಮಾತು. ಈ ಮಾಡೆಲ್ಲು ಮುಖ್ಯ ಎರಡು ಅಳತಿಯೊಳಗ ಸಿಗ್ತಾವ. 1:43 ಅಂದ್ರ ಖರೆ ಕಾರಿನ 43 ಪಾಲಿನಾಗ ಒಂದು ಪಾಲು. ಲೋಹದ್ದು ಇರ್ತದ, ಅಂಗೈಯಾಗ ಕೂಡ್ತದ. ಈ ವಿಚಿತ್ರ ಅಂಕಿ ಬಂದದ್ದು ಆಟದ ರೈಲಿನಿಂದ. ಓ ಗೇಜ್ ಅನ್ನೋ ರೈಲಿನಾಗ ಒಂದು ಫೂಟಿಗೆ 7 ಮಿಲಿಮೀಟರ್ ಲೆಕ್ಕ, ಅದರ ಸ್ಟೇಷನ್ ಮುಂದ ನಿಲ್ಲಸಲಿಕ್ಕೆ ಹೊಂದೋ ಕಾರು ಬೇಕಾಗಿದ್ವು. ಇನ್ನೊಂದು 1:24, ಪ್ಲಾಸ್ಟಿಕ್ಕಿನ ಕಿಟ್. ಬಿಡಿಭಾಗ ಅಂಟಿಸಿ ನಾವ ಕಟ್ಟಬೇಕು. ಹೆಲ್ಲರ್ ಅನ್ನೋ ಫ್ರೆಂಚ್ ಕಂಪನಿ ರೆನೋ 4ರ ಕಿಟ್ ಮಾಡೇದ, ಕಟ್ಟಿದ ಮ್ಯಾಲೆ ಒಂದು ಗೇಣಿಗೆ ತುಸು ಕಡಿಮಿ ಆಗ್ತದ. ಡಬ್ಬಿಮ್ಯಾಲಿನ ಚಿತ್ರದಂಗ ಕಟ್ಟಿದ್ರ ಅದು ಬರೇ ಮಾಡೆಲ್. ಅದನ್ನ ಕೊಯ್ದು ಉದ್ದ ಮಾಡಿ, ಬಾಗಲಾ ಬದಲಿಸಿ, ಬ್ಯಾರೆ ಉಪಯೋಗದ ಗಾಡಿ ಮಾಡಿದ್ರ ಅದಕ್ಕ ಕನ್ವರ್ಷನ್ ಅಂತಾರ. ನಾ ಹೇಳ್ಲಿಕತ್ತಿದ್ದು ಅದರ ಬಗ್ಗೆ.

ನೀವು ಅನ್ನೋ ಮೊದಲನೇ ಮಾತು ನನಗ ಬಾಯಿಪಾಠ ಆಗೇದ. "ಇವೆಲ್ಲಾ ಗಂಡುಹುಡುಗೂರ ಆಟ."

ಹೌದೇನು? ಮ್ಯಾಚ್‌ಬಾಕ್ಸ್ ಕಾರು ಯಾರಿಗೆ ಗೊತ್ತಿಲ್ಲ! ಅದು ಹುಟ್ಟಿದ್ದು ಹೆಂಗ ಕೇಳ್ರಿ. ಲಂಡನ್ನಿನ ಲೆಸ್ನಿ ಕಂಪನಿಯ ಜ್ಯಾಕ್ ಓಡೆಲ್‌ಗ ಒಬ್ಬಾಕಿ ಮಗಳಿದ್ಲು. ಬೆಂಕಿಪೆಟ್ಟಿಗಿಯೊಳಗ ಹಿಡಿಯೋವಷ್ಟು ಆಟದ ಸಾಮಾನು ಇದ್ರ ಮಾತ್ರ ಸಾಲಿಗೆ ತರಬಹುದು ಅಂತ ಆಕಿ ಸಾಲ್ಯಾಗ ನಿಯಮ ಇತ್ತು. ಅಪ್ಪ ಹಿತ್ತಾಳಿಯೊಳಗ ಒಂದು ಸಣ್ಣ ರೋಡ್ ರೋಲರ್ ಮಾಡಿ ಬೆಂಕಿಪೆಟ್ಟಿಗ್ಯಾಗ ಇಟ್ಟು ಕೊಟ್ಟ. ಅದರಿಂದ 1953ರಾಗ ಮ್ಯಾಚ್‌ಬಾಕ್ಸ್ ಸರಣಿ ಸುರು ಆತು. ಜಗತ್ತಿನ ಗಂಡುಹುಡುಗೂರ ಕಿಸೆ ತುಂಬಿಸಿದ ಆಟದ ಗಾಡಿ ಮೊದಲ ಹೋಗಿದ್ದು ಒಂದು ಹುಡುಗಿ ಕಿಸೆದಾಗ.

ಸಣ್ಣ ಅಳತಿಯೊಳಗ ಕೆಲಸ ಮಾಡೂದು ನಮಗೇನು ಹೊಸಾದೇನ್ರಿ? ಮದಿವ್ಯಾಗ ರುಖವತ ಯಾರು ಮಾಡ್ತಾರ? ಒಣಕೊಬ್ಬರಿ ಕೆತ್ತಿ ತುಳಸಿಕಟ್ಟಿ, ಸಕ್ರಿಯಿಂದ ಮಂಟಪ, ಬಟ್ಟಿ ಗೊಂಬಿಗೆ ಅರ್ಧ ಬೊಟ್ಟಿನ ನತ್ತು. ಸಂಕ್ರಮಣಕ್ಕ ಕೂಸಿಗೆ ಕುಸುರೆಳ್ಳಿನ ಕಿರೀಟ ಪೋಣಿಸೋ ಕಾಕುನ ಬೆರಳಿಗೆ 1:43 ಅಳತಿಯ ಬಾಗಲಾ ಹಿಡಿಲಿಕ್ಕೆ ಬರೂದಿಲ್ಲಂತ ಯಾರು ಹೇಳ್ತಾರ? ಇನ್ನ ಕೌದಿ. ಹರದ ಸೀರಿ, ಹಳೇ ಧೋತರ, ಕೂಸಿನ ಅಂಗಿ, ಎಲ್ಲಾ ಕತ್ತರಿಸಿ ಕೂಡಿಸಿ ಹೊಸಾದೊಂದು ಮಾಡ್ತೀವಿ. ಅದು ಕನ್ವರ್ಷನ್ ಅಲ್ಲದ ಮತ್ತೇನು? ಬಟ್ಟಿ ಬದಲಿಗೆ ಲೋಹ, ಸೂಜಿ ಬದಲಿಗೆ ಗರಗಸ, ಅಷ್ಟ ಫರಕು.

ಎರಡನೇ ವಿರೋಧ ನಿಮ್ಮದಲ್ಲ, ಈ ಹವ್ಯಾಸದ ಗಂಡಸ್ರದ್ದು. ಹೋದ ವರ್ಷ ಇಲ್ಲೆ ಒಂದು ಮಾಡೆಲ್ ಪ್ರದರ್ಶನದಾಗ ನನ್ನ ಗಾಡಿ ಇಟ್ಟಿದ್ದೆ. ಒಬ್ಬರು ಬಗ್ಗಿ ನೋಡಿ, "ನಿಮ್ಮ ಯಜಮಾನ್ರ ಕೈ ಭಾಳ ಸೂಕ್ಷ್ಮ ಅದ" ಅಂದ್ರು. ನಮ್ಮ ಯಜಮಾನ್ರು ಬಲ್ಬ್ ಬದಲಿಸಲಿಕ್ಕೂ ನನ್ನ ಕರೀತಾರ. ನಾ ಮಾಡಿದ್ದು ಅಂದೆ. ಕೂಡಲೇ ಅವರ ಮಾರಿ ಬದಲಾತು. "ಆದ್ರ ಇಂಥಾ ಮೈನರ್ ಎಂದೂ ಇರಲೇ ಇಲ್ಲಲ್ಲ?" ಅಂದ್ರು. ಅಲ್ಲಿತನಕ ಕಾಣದ ತಪ್ಪು, ಮಾಡಿದಾಕಿ ಹೆಣ್ಮಗಳು ಅಂದಕೂಡಲೇ ಕಂಡಿತು.

ಅವರಿಗೆ ಅಲ್ಲೇ ಕೊಟ್ಟ ಉತ್ತರ ಇಲ್ಲೂ ಬರೀತೀನಿ. ಮಾರಿಸ್ ಮೈನರ್ ತಯಾರಾಗಿದ್ದು ನಮ್ಮ ಈ ಊರಾಗ, ಕೌಲಿ ಕಾರ್ಖಾನಿಯೊಳಗ. 1948ರಾಗ ಹೊರಗ ಬಂತು. ಇಂಗ್ಲಂಡಿನ ಕಾರಿನೊಳಗ ಹತ್ತು ಲಕ್ಷ ದಾಟಿದ ಮೊದಲನೇದು ಅದ. ಅದನ್ನ ರೂಪಿಸಿದಂವ ಅಲೆಕ್ ಇಸಿಗೊನಿಸ್. ಕಾರು ಇನ್ನೇನು ತಯಾರಾತು ಅನ್ನೋವಾಗ ಅವಂಗ ಅದು ಭಾಳ ಸಪೂರ ಆಗೇದ ಅನಿಸ್ತು. ಏನು ಮಾಡಿದ? ಮಾದರಿ ಗಾಡಿನ್ನ ಉದ್ದಕ್ಕ ನಡುವ ಕೊಯ್ಯಿಸಿದ! ಎರಡೂ ಹೋಳು ಸರಿಸಿಕೋತ ಹೋಗಿ, ಕಣ್ಣಿಗೆ ಸರಿ ಅನಿಸಿದಲ್ಲೆ ನಿಲ್ಲಿಸಿದ. ನಾಕು ಇಂಚು ಅಗಲ ಹೆಚ್ಚಾತು. ಅಷ್ಟೊತ್ತಿಗೆ ಬಂಪರ್ ತಯಾರಾಗಿ ಬಿಟ್ಟಿದ್ವು, ಹಿಂಗಾಗಿ ಮೊದಲಿನ ಗಾಡಿಗಳ ಬಂಪರ್ ನಡುವ ನಾಕು ಇಂಚಿನ ತ್ಯಾಪಿ ಹಚ್ಚಿದ್ರು. ಬಾನೆಟ್ಟಿನ ನಡುವ ಉಬ್ಬಿದ ಪಟ್ಟಿ ಅದಲ್ಲ, ಅದೂ ಆ ಜೋಡಣಿದ ಗುರುತು. ನಮ್ಮ 1:43 ಲೆಕ್ಕದಾಗ ಆ ನಾಕು ಇಂಚು ಅಂದ್ರ ಎರಡೂಕಾಲು ಮಿಲಿಮೀಟರಿಗೆ ಚೂರು ಹೆಚ್ಚು. ಕಾರು ಮಾಡಿದಂವನ ಕೊಯ್ದು ಜೋಡಿಸಿದ ಮ್ಯಾಲೆ, ಅದರ ಮಾಡೆಲ್ ಕೊಯ್ದ್ರ ಪಾಪ ಹೆಂಗ ಬರ್ತದ?

ಇದೊಂದ ಅಲ್ಲ. ಜರ್ಮನಿಯ ಫೋಕ್ಸ್‌ವಾಗನ್ ಕಾರ್ಖಾನಿಯೊಳಗ ಬೀಟಲ್ ಕಾರಿನ ಅಡಿಗಟ್ಟಿಮ್ಯಾಲೆ ಹಲಿಗಿ ಹಾಕಿ, ಸಾಮಾನು ಸಾಗಿಸೋ ಒಂದು ಗಾಡಿ ಮಾಡಿಕೊಂಡಿದ್ರು. ಬೆನ್ ಪೊನ್ ಅನ್ನೋ ಡಚ್ ವ್ಯಾಪಾರಿ ಅದನ್ನ ನೋಡಿ, 1947ರಾಗ ನೋಟಬುಕ್ಕಿನ ಹಾಳಿಮ್ಯಾಲೆ ಒಂದು ಡಬ್ಬಿಯಂಥಾ ಚಿತ್ರ ಗೀಚಿದ. 1950ರಿಂದ ಆ ಡಬ್ಬಿ ಫೋಕ್ಸ್‌ವಾಗನ್ ಬಸ್ ಅಂತ ರಸ್ತೆಮ್ಯಾಲೆ ಓಡ್ತು. ಇಟಲಿಯೊಳಗ ಸಣ್ಣ ಫಿಯಟ್ 600 ತಗೊಂಡು, ಡ್ರೈವರನ್ನ ಮುಂದಿನ ಗಾಲಿಮ್ಯಾಲೆ ಕೂಡಿಸಿ, 1956ರಾಗ ಮುಲ್ಟಿಪ್ಲಾ ಮಾಡಿದ್ರು. ಸುಮಾರು ಮೂರೂವರಿ ಮೀಟರಿನ ಗಾಡ್ಯಾಗ ಆರು ಮಂದಿ. ಮೂಗು ಇಲ್ಲದ ಆ ಕಾರಿನ್ನ ಮೊದಲ ಯಾರರೆ ಮಾಡೆಲ್ಲಿನಾಗ ಮಾಡಿ ತೋರಿಸಿದ್ರ, ಇದೇ ಮಂದಿ "ಇಂಥಾದ್ದು ಇರಲಿಕ್ಕೆ ಸಾಧ್ಯ ಇಲ್ಲ" ಅಂತ ನಗ್ತಿದ್ರು. ಎಂದೂ ಇರಲಿಲ್ಲ ಅನ್ನೋದು ಒಂದು ಗಾಡಿಯ ತಪ್ಪಲ್ಲ. ಯಾರೂ ಕೇಳಲಿಲ್ಲ ಅನ್ನೋದು ಅದರ ಕಾರಣ ಇರಬಹುದು.

ಇಲ್ಲೆ ಬಂತು ನೋಡ್ರಿ ನನ್ನ ಮುಖ್ಯ ಮಾತು. ಯಾರನ್ನ ಕೇಳಿ ಮಾಡ್ತಾರ ಅನ್ನೋದರ ಮ್ಯಾಲೆ ಕಾರು ಬದಲಾಗ್ತದ.

ಸಿತ್ರೋಯೆನ್ 2ಸಿವಿ ಮಾಡೂ ಮುಂದ ಕಂಪನಿಯ ಮುಖ್ಯಸ್ಥ ಪಿಯೆರ್ ಬುಲಾಂಜೆ ಹಾಕಿದ ಶರತ್ತು ಪ್ರಸಿದ್ಧ ಅವ. ಇಬ್ಬರು ರೈತರು, 50 ಕಿಲೋ ಬಟಾಟಿ, ತಾಸಿಗೆ 60 ಕಿಲೋಮೀಟರ್ ವೇಗ, 100 ಕಿಲೋಮೀಟರಿಗೆ 3 ಲೀಟರ್ ಪೆಟ್ರೋಲ್. ಮ್ಯಾಲೆ, ಬುಟ್ಟಿ ತುಂಬ ತತ್ತಿ ಇಟಗೊಂಡು ಉತ್ತಿದ ಹೊಲದಾಗ ಹೋದ್ರೂ ಒಂದೂ ಒಡೀಬಾರದು ಅಂತ ಹೇಳಿದ್ನಂತ. ಬಟಾಟಿ ಚೀಲ, ತತ್ತಿ ಬುಟ್ಟಿ! ಇದು ಸಂತಿಗೆ ಹೋಗೋ ಹೆಣ್ಮಗಳ ಲೆಕ್ಕ. ಅದಕ್ಕ ಆ ಕಾರಿನ ಸ್ಪ್ರಿಂಗು ಅಷ್ಟು ಮೆತ್ತಗ, ಹಿಂದಿನ ಸೀಟು ಕಿತ್ತು ಹೊರಗ ಇಟ್ಟು ಕೂಡಬಹುದು.

ಈಗ ಸ್ವೀಡನ್ನಿನ ಸಾಬ್ 92 ನೋಡ್ರಿ. ವಿಮಾನ ಮಾಡೂ ಕಂಪನಿ ಮಾಡಿದ ಮೊದಲ ಕಾರು, ಗಾಳಿ ಸೀಳಿಕೊಂಡು ಹೋಗೋ ಆಕಾರ, ಭಾಳ ಚಂದ. ಆದ್ರ ಮೊದಮೊದಲು ಡಿಕ್ಕಿಗೆ ಹೊರಗಿನಿಂದ ಬಾಗಲಾನ ಇರಲಿಲ್ಲ! ಸಾಮಾನು ಇಡಬೇಕಂದ್ರ ಒಳಗಿಂದ, ಹಿಂದಿನ ಸೀಟಿನ ಆಚೆ ಬಗ್ಗಿ ಇಡಬೇಕು. 1953ರಾಗ ಬಾಗಲಾ ಬಂತು. ಕೂಸಿನ ಗಾಡಿ, ಸಂತಿ ಚೀಲ ಹೊತ್ತು ಒಬ್ಬಾಕಿ ಮೊದಲ ದಿನಾನ ಆ ಕಾರಿನ ಹಿಂದ ನಿಂತಿದ್ರ, ಒಂದು ಗಳಿಗ್ಯಾಗ ಹೇಳ್ತಿದ್ಲು.

ಮತ್ತ ಕಾರಿನ್ನ ಸುಧಾರಿಸೋದು ಹೆಣ್ಮಕ್ಕಳ ಕೆಲಸ ಅಲ್ಲ ಅನ್ನೋವರು ಬೆರ್ಟಾ ಬೆಂಝ್ ಹೆಸರು ನೆನೀಲಿ. 1888ರ ಆಗಸ್ಟಿನಾಗ, ಜರ್ಮನಿಯ ಮಾನ್‌ಹೈಮ್‌ನಿಂದ ತವರೂರು ಫೋರ್ಝ್‌ಹೈಮ್‌ಗೆ, ಇಬ್ಬರು ಮಕ್ಕಳನ್ನ ಕರಕೊಂಡು ಗಂಡ ಮಾಡಿದ ಮೋಟಾರು ಗಾಡ್ಯಾಗ ಹೊಂಟ್ಲು. ಮೋಟಾರಿನಾಗ ಯಾರೂ ಅಷ್ಟು ದೂರ ಹೋಗಿರಲಿಲ್ಲ. ಇಂಧನದ ನಳಗಿ ಕಟ್ಟಿದಾಗ ಟೊಪಗಿ ಪಿನ್ನಿನಿಂದ ಬಿಡಿಸಿದ್ಲು. ತಂತಿ ಬತ್ತಲೆ ಆದಾಗ ಕಾಲುಚೀಲದ ಪಟ್ಟಿ ಸುತ್ತಿದ್ಲು. ಕಟಗಿ ಬ್ರೇಕ್ ಸವದಾಗ ಚಮ್ಮಾರನ ಕಡಿಂದ ತೊಗಲು ಹೊಡಿಸಿದ್ಲು. ತವರಿಗೆ ಹೋಗೋ ಆತುರದಾಗ ಆಕಿ ಮಾಡಿದ ಕೆಲಸದಿಂದ ಮುಂದ ಗಾಡಿ ಸುಧಾರಿಸ್ತು. ಟೊಪಗಿ ಪಿನ್ನು ಇದ್ದಾಕಿಗೆ ಸಾಧ್ಯ ಆದದ್ದು, ಹೆರಪಿನ್ನು ಇದ್ದ ನಮಗ ಆಗೂದಿಲ್ಲೇನು?

ನನ್ನ ಗಾಡಿ ಹೇಳ್ತೀನಿ, ಪ್ರದರ್ಶನದಾಗ ಇಟ್ಟಿದ್ದು ಅದ. ಅದರ ಹೆಸರು "ಅತ್ಯಾನ ಮೈನರ್". ಖರೆ ಮೈನರಿನಾಗ ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ 86 ಇಂಚು, 1:43ರಾಗ ಸುಮಾರು 51 ಮಿಲಿಮೀಟರ್. ಎರಡು ಬಾಗಲಾದ ಮೈನರ್ ಇದ್ರ, ಮುಂದಿನ ಸೀಟು ಬಗ್ಗಿಸಿ ಹಿಂದ ಹೋಗಬೇಕು. ಮೊಣಕಾಲು ನೋವಿನ ಮುದುಕಿಗೆ ಅದು ಬೆಟ್ಟ ಹತ್ತಿಧಂಗ. ನನ್ನ ಗಾಡಿಗೆ ಮೂರು ಸಾಲು ಸೀಟು. ಫ್ರಾನ್ಸಿನಾಗ ಪೆಜೋ 404 ಫಾಮಿಲಿಯಾಲ್ ಅಂತ ಮೂರು ಸಾಲಿನ ಗಾಡಿ ಖರೇನ ಮಾಡ್ಯಾರ, ಮೈನರಿಗೆ ಆ ಭಾಗ್ಯ ಸಿಗಲಿಲ್ಲ. ಒಂದು ಸಾಲಿಗೆ ಕಾಲು ಚಾಚಲಿಕ್ಕೆ 30 ಇಂಚು ಬೇಕು ಅಂತ ನನ್ನ ಲೆಕ್ಕ. ಅಂದ್ರ 18 ಮಿಲಿಮೀಟರ್ ಹೆಚ್ಚು. ಅದಕ್ಕ ಎರಡು ಹಳೇ ಮೈನರ್ ತಂದೆ. ಒಂದರ ಮುಂದಿನ ಹೋಳು ಉದ್ದ ಇಟ್ಟು ಕೊಯ್ದೆ, ಇನ್ನೊಂದರ ಹಿಂದಿನ ಹೋಳು ಉದ್ದ ಇಟ್ಟು ಕೊಯ್ದೆ. ಛಾವಣಿ ಹಿಂದ ಇಳಿಜಾರು ಇರ್ತದ, ಹಿಂಗಾಗಿ ಎರಡೂ ಅಂಚು ಕೂಡೂದಿಲ್ಲ. ಆ ಸಂದಿಗೆ ಪುಟ್ಟಿ ತುಂಬಿ, ಗಟ್ಟಿ ಆದ ಮ್ಯಾಲೆ ತಿಕ್ಕಿ ತಿಕ್ಕಿ ಒಂದ ಬಾಗು ತರಬೇಕು. ನಡುವಿನ ಬಾಗಲಾ ಅಗಲ, ಹೊಸ್ತಿಲ ತಗ್ಗು, ನಡುವಿನ ಸೀಟು ಹೊರಗ ತಿರಗ್ತದ. ಅತ್ಯಾ ಮೊದಲ ಕೂಡ್ತಾರ, ಆಮ್ಯಾಲೆ ಕಾಲು ಒಳಗ ತಗೋತಾರ. ಬಾಗಲದ ಕೀಲಿಗೆ ಗುಂಡುಸೂಜಿ ಹಾಕೀನಿ. ಸೀಟಿಗೆ ನನ್ನ ಇಳಕಲ್ ಕುಬಸದ ತುಂಡು.

ಅಷ್ಟಕ್ಕ ಮುಗೀಲಿಲ್ಲ. ಏಳು ಮಂದಿ ಕೂತ್ರ ಹಿಂದಿನ ಸ್ಪ್ರಿಂಗು ತಡೀತದೇನು? ಮೈನರಿನ ಕಡೀ ಎಂಜಿನ್ 1098 ಸಿಸಿ, ಏರಿ ಹತ್ತೂದು ಕಠಿಣ. ಅದಕ್ಕ ಅದ ಎ-ಸಿರೀಸ್ ಮನಿತನದ 1275 ಸಿಸಿ ಎಂಜಿನ್ ಕೂಡಸೇನಿ ಅಂತ ನೋಟಬುಕ್ಕಿನಾಗ ಬರದಿಟ್ಟೀನಿ. ಬಾನೆಟ್ ತೆಗೀಲಿಕ್ಕೆ ಬರೂದಿಲ್ಲ, ಯಾರೂ ನೋಡೂದಿಲ್ಲ, ಆದ್ರ ನನಗ ಗೊತ್ತಿರಬೇಕಲ್ಲ. ಇಲ್ಲೇ ನನಗೂ ಹವ್ಯಾಸದ ಬಹಳ ಮಂದಿಗೂ ಜಗಳ. 2ಸಿವಿಗೆ ಆನಿ ಕಾಲಿನಂಥಾ ಗಾಲಿ ಹಚ್ಚಿ, ಬಾನೆಟ್ಟಿಗೆ ಬೆಂಕಿ ಜ್ವಾಲಿ ಬರದು, ಅದಕ್ಕ ಕಲ್ಪನಾ ಅಂತಾರ. ಆ ಎಂಜಿನ್ ಎಲ್ಲೆ ಕೂಡ್ತದ, ಡ್ರೈವರಿನ ಮೊಣಕಾಲು ಎಲ್ಲೆ ಹೋಗ್ತದ, ಕೇಳಬ್ಯಾಡ್ರಿ. ಕಲ್ಪನಾ ಅಂದ್ರ ಬಾಯಿಗೆ ಬಂದದ್ದಲ್ಲ. ಯಾರು ಹತ್ತತಾರ, ಏನು ಹೊರತಾರ, ಎಲ್ಲೆ ಇಳೀತಾರ, ಈ ಮೂರು ಪ್ರಶ್ನಿಗೆ ಗಾಡಿ ಉತ್ತರ ಕೊಡಬೇಕು. ಈ ಮೂರೂ ಪ್ರಶ್ನಿ ದಿನಾ ಕೇಳಿಕೊಳ್ಳೂವರು ಯಾರು? ನಾವ.

ಮೂರನೇ ವಿರೋಧ, ರೊಕ್ಕದ್ದು. "ಡಬ್ಬಿ ಬಿಚ್ಚಿದ್ರ ಬೆಲಿ ಇಳೀತದ, ಕೊಯ್ದ್ರ ಮುಗದ ಹೋತು." ಇದರಾಗ ಒಂದಿಷ್ಟು ಖರೆ ಅದ. ಮೂಲ ಬಣ್ಣ, ಮೂಲ ಡಬ್ಬಿ ಇರೋ ಹಳೇ ಡಿಂಕಿ ಮಾಡೆಲ್ ನಿಮ್ಮ ಮನ್ಯಾಗ ಇದ್ರ ಮುಟ್ಟಬ್ಯಾಡ್ರಿ. ಆದ್ರ ಡಬ್ಬಿ ಮುಚ್ಚಿಟ್ರ ಉಳೀತದ ಅನ್ನೋ ಭರೋಸಾನೂ ಬ್ಯಾಡ. ಎರಡನೇ ಮಹಾಯುದ್ಧಕ್ಕಿಂತ ಮೊದಲಿನ ಎಷ್ಟೋ ಮಾಡೆಲ್ಲಿನ ಸತುವಿನ ಲೋಹದಾಗ ಕಲಬೆರಕಿ ಇತ್ತು. ಅದಕ್ಕ ಜಿಂಕ್ ಪೆಸ್ಟ್ ಅಂತಾರ. ಯಾರೂ ಮುಟ್ಟದಿದ್ರೂ, ಡಬ್ಬಿಯೊಳಗ ಇದ್ದಲ್ಲೇ ಬಿರುಕು ಬಿಟ್ಟು ಪುಡಿ ಆಗ್ತಾವ. ಟ್ರಂಕಿನಾಗ ಮಡಿಚಿಟ್ಟ ರೇಷ್ಮಿ ಸೀರಿ ಮಡಿಕಿಮ್ಯಾಲೇ ಸೀಳೂದಿಲ್ಲೇನು, ಹಂಗ. ಕೊಯ್ಯಲಿಕ್ಕೆ ಬೆಲಿಯ ಮಾಡೆಲ್ ಬೇಕಾಗಿಲ್ಲ. ಗಾಲಿ ಮುರದದ್ದು, ಬಣ್ಣ ಹೋದದ್ದು, ಹಳೇ ಸಾಮಾನಿನ ಸಂತ್ಯಾಗ ಎರಡು-ಮೂರು ಪೌಂಡಿಗೆ ನಾ ತರ್ತೀನಿ. ಯಾರಿಗೂ ಬ್ಯಾಡಾದ ಗಾಡಿಗೆ ಎರಡನೇ ಜನ್ಮ.

ಈಗ ನನ್ನ ಸಿಟ್ಟಿನ ಕಾರಣ. ನಮ್ಮ ಮನಿತನದಾಗ ಹದಿಮೂರು ವರ್ಷದ ಹುಡುಗಿ ಒಬ್ಬಾಕಿ ಇದ್ದಾಳ, ಹೆಸರು ಹೇಳೂದಿಲ್ಲ. ಆಕಿಗೆ ರೆನೋ 4ರ ಕಿಟ್ಟೂ, ಒಂದು ಸಣ್ಣ ಗರಗಸಾನೂ ಕಳಿಸಿದ್ದೆ. ಗರಗಸ ಹಡಪದಾಗ ಹೋತು. ಕಿಟ್ಟು ಆಕಿ ಅಣ್ಣಗ ಹೋತು. ಅವಂಗ ಬ್ಯಾಡಾಗಿತ್ತು, ಹಿಂಗಾಗಿ ಡಬ್ಬಿ ಶೋಕೇಸಿನಾಗ ಕೂತದ, ಬಂದವರಿಗೆ "ಇಂಗ್ಲಂಡಿಂದ ಬಂದದ್ದು" ಅಂತ ತೋರಸ್ತಾರಂತ. ಆ ಹುಡುಗಿ ನನಗೊಂದು ಚಿತ್ರ ಬರದು ಕಳಿಸ್ಯಾಳ. ರೆನೋದ ಹಿಂದಿನ ಭಾಗ ಎತ್ತರ ಮಾಡಿ, ಒಳಗ ಪುಸ್ತಕದ ಕಪಾಟು, ಹೊರಗ ಮಡಿಚೋ ಬೆಂಚು. ಪುಸ್ತಕದ ಭಾರಕ್ಕ ಕಪಾಟು ಗಾಲಿಯ ಹಿಂದ ಅಲ್ಲ, ಗಾಲಿಗಳ ನಡುವ ಇರಬೇಕು ಅಂತ ಬಾಣದ ಗುರುತು ಹಾಕ್ಯಾಳ. ಯಾರೂ ಆಕಿಗೆ ಹೇಳಿಕೊಟ್ಟಿಲ್ಲ. ಇಂಥಾ ತಲಿ ಇರೋ ಹುಡುಗಿ ಮುಂದ ಗಾಜಿನ ಬಾಗಲಾ ಹಾಕಿ ಕೀಲಿ ಹಾಕೋದಂದ್ರ, ಹಾಳಾಗ್ಲಿಕತ್ತಿದ್ದು ಆಟದ ಸಾಮಾನಲ್ಲ. "ಇದು ಹಿಂಗ ಇರಬೇಕಿತ್ತು" ಅಂತ ಆಕಿಗೆ ಬಂದ ಧೈರ್ಯ ಹಾಳಾಗ್ತದ. ಅದನ್ನ ಒಂದು ಸಲ ಮುಚ್ಚಿಟ್ರ, ಇಪ್ಪತ್ತೈದನೇ ವರ್ಷಕ್ಕ ಹುಡುಕಿದ್ರೂ ಸಿಗೂದಿಲ್ಲ.

"ಬೆರಳು ಕೊಯ್ಕೊಂಡ್ರ?" ಅಂತೀರಿ. ಅದ ಹುಡುಗಿ ಕೈಯಾಗ ಈಳಿಗಿ ಕೊಟ್ಟು ಬದನಿಕಾಯಿ ಹೆಚ್ಚಸ್ತೀರಿ. ಈಳಿಗಿಗಿಂತ ಈ ಗರಗಸ ಸಾಧು ಅದ. ಆದ್ರೂ ನಿಯಮ ಹೇಳ್ತೀನಿ, ಬರಕೊಳ್ರಿ.

ಲೋಹದ ಮಾಡೆಲ್ಲಿನ ಅಡಿಗೆ ರಿವೆಟ್ ಇರ್ತಾವ, ಸಣ್ಣ ಡ್ರಿಲ್ಲಿನಿಂದ ಅವುಗಳ ತಲಿ ಹಾರಿಸಿದ್ರ ಗಾಡಿ ಬಿಚ್ಚತದ. ಹಳೇ ಬಣ್ಣದಾಗ ಸೀಸ ಇರಬಹುದು, ಹಿಂಗಾಗಿ ಒಣಾ ತಿಕ್ಕಬಾರದು. ಬಣ್ಣ ತೆಗಿಯೋ ದ್ರಾವಣ ಹಚ್ಚಿ, ಕೈಚೀಲ ಹಾಕ್ಕೊಂಡು, ಕಿಡಕಿ ತಗದು ಮಾಡ್ರಿ. ಈ ಎರಡು ಕೆಲಸ ದೊಡ್ಡವರದ್ದು, ಸಣ್ಣ ಹುಡುಗೂರಿಗೆ ಪ್ಲಾಸ್ಟಿಕ್ ಕಿಟ್ ಛಲೋ. ಕೊಯ್ಯೋ ಜಾಗಾಕ್ಕ ಮೊದಲ ಕಾಗದದ ಟೇಪ್ ಹಚ್ಚಿ ಗೆರಿ ಹಾಕ್ರಿ. ಎರಡು ಸಲ ಅಳೀರಿ, ಕುಬಸ ಹೊಲಿಯೋ ಮುಂದ ಅಳೀತೀವಲ್ಲ, ಹಂಗ. ಬ್ಲೇಡು ಯಾವಾಗ್ಲೂ ಮೈಯಿಂದ ದೂರ ಎಳೀಬೇಕು. ಉಸುಕಿನ ಕಾಗದ 400, ಆಮ್ಯಾಲೆ 600, ಕಡೀಕ 1200 ನಂಬರ್, ನೀರು ಹಚ್ಚಿ ತಿಕ್ಕಬೇಕು. ಆಮ್ಯಾಲೆ ಪ್ರೈಮರ್. ಪ್ರೈಮರ್ ಹೊಡದ ಕೂಡಲೇ ಎಲ್ಲಾ ಸುಳ್ಳು ಹೊರಗ ಬೀಳ್ತಾವ, ಮತ್ತ ತಿಕ್ರಿ. ಅಡಗಿಮನಿ ಕಟ್ಟಿಮ್ಯಾಲೆ ಮಾತ್ರ ಮಾಡಬ್ಯಾಡ್ರಿ, ಲೋಹದ ಪುಡಿ ಊಟದಾಗ ಬೀಳ್ತದ.

ಅಲ್ಲಿ ಇರೋವರಿಗೆ ಇನ್ನೊಂದು ಮಾತು. ಇದು ಪರದೇಶದ ಕಾರಿನ ಸಂಗತಿ, ನಮಗೇನು ಅನ್ನಬ್ಯಾಡ್ರಿ. 2014ರತನಕ ತಯಾರಾದ ನಿಮ್ಮ ಅಂಬಾಸಡರ್ ಇದ ಕೌಲಿಯ ಮಾರಿಸ್ ಆಕ್ಸ್‌ಫರ್ಡಿನ ಮಗಳು. ಪ್ರೀಮಿಯರ್ ಪದ್ಮಿನಿ ಅಂದ್ರ ಇಟಲಿಯ ಫಿಯಟ್ 1100. ಅದರಾಗ ಹಿಂದ ಐದು ಮಂದಿ ಕೂತು, ಮ್ಯಾಲೆ ಕ್ಯಾರಿಯರಿನಾಗ ಹಾಸಿಗಿ ಸುರುಳಿ, ಕಾಲಾಗ ಚಕ್ಕಲಿ ಡಬ್ಬಿ ಇಟಗೊಂಡು ಮದಿವಿಗೆ ಹೋದವರು ನೀವು. ಆ ಡಬ್ಬಿ ಎಲ್ಲೆ ಇಟ್ಟಿದ್ರ ಕಾಲು ಜೋಮು ಹಿಡಿತಿರಲಿಲ್ಲ ಅನ್ನೋದು ಆ ಕಾರು ಮಾಡಿದ ಒಬ್ಬ ಎಂಜಿನಿಯರಿಗೂ ಗೊತ್ತಿರಲಿಲ್ಲ, ನಿಮಗ ಗೊತ್ತದ. ಹಾಳಿಮ್ಯಾಲೆ ಗೀಚ್ರಿ. ಗೀಚಿದ್ದನ್ನ ರಟ್ಟಿನಾಗ ಕತ್ತರಿಸ್ರಿ. ಆಮ್ಯಾಲೆ ಗರಗಸ ಹಿಡೀರಿ. ನಿಮ್ಮ ಮನ್ಯಾಗ ಯಾವ ಹುಡುಗಿ ಕೇಳಿದ್ರೂ ಆಕಿ ಕೈಯಾಗೂ ಕೊಡ್ರಿ.

ಇಷ್ಟು ಓದಿದ ಮ್ಯಾಲೂ ಬೈಬೇಕು ಅನಿಸಿದ್ರ ಬೈರಿ. ಆದ್ರ ಮೊದಲ ಒಂದು ಕಾರಿನ ಬಾಗಲಾ ಎಲ್ಲೆ ಇರಬೇಕಿತ್ತು ಅಂತ ಹೇಳಿ ಬೈರಿ.